ಹೇಳಿದವಳ ಪರವಾಗಿ ನಿಂತ ಅಕ್ಕೋರು

ಅಕ್ಕೋರ ಕುತ್ತಿಗೆಯ ಮೇಲೆ ಕಿವಿಯ ಬುಡದಿಂದ ಗಂಟಲ ಕುಳಿಯವರೆಗೆ ಹೊಲಿಗೆಯ ಗುರುತಿತ್ತು. ಆಪರೇಷನ್ನಿನಲ್ಲಿ ಗಡ್ಡೆಯ ಜೊತೆಗೆ ದನಿಯೂ ಹೋಗಿ, ಒಂದು ಒಣ ಪಿಸುಮಾತಷ್ಟೇ ಉಳಿದಿತ್ತು. ಹಾಗಾಗಿ ಅವರು ಪಾಠ ಶುರು ಮಾಡುವ ಮುಂಚೆ ಯಾರಾದರೂ ಎದ್ದು ಕೂಲರ್ ಆರಿಸಬೇಕಿತ್ತು. ನಾಗಪುರದ ಮೇ ತಿಂಗಳಲ್ಲಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಆಯಾಗಳೆಲ್ಲ ಮುಂದಕ್ಕೆ ಬಾಗಿ ಕೂತು ಕೇಳುತ್ತಿದ್ದರು.

ಧಾರವಾಡದ ಕಡೆಯವರು; ಆ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವಂತೆ ನಾನು ಅಕ್ಕೋರು ಎನ್ನುತ್ತಿದ್ದೆ, ಅಲ್ಲಿಯವರೆಲ್ಲ ಮರಾಠಿಯ ರೂಢಿಯಂತೆ 'ಬಾಯಿ' ಎನ್ನುತ್ತಿದ್ದರು. ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು, ನಿವೃತ್ತಿಯ ಮೇಲೆ ಪಕ್ಕದ ಕಾಮಠಿಯಲ್ಲಿ ಒಬ್ಬರೇ ಇದ್ದರು. ನನ್ನ ತಮ್ಮನಿದ್ದ ಅಂಗವಿಕಲರ ವಸತಿಗೃಹಕ್ಕೆ ವಾರಕ್ಕೊಮ್ಮೆ ಬಂದು ಆಯಾಗಳಿಗೆ ಔಷಧಿ ಕೊಡುವುದನ್ನು ಕಲಿಸುತ್ತಿದ್ದರು. ನರ್ಸಿಂಗ್ ಓದಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಮನೆಗೆಲಸ ಬಿಟ್ಟು ಬಂದ ಹೆಂಗಸರೇ ಮೂರ್ಛೆಯ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ ಎಲ್ಲವನ್ನೂ ಕೊಡಬೇಕಿತ್ತು. ತಮ್ಮನಿಗೆ ಮೂರ್ಛೆರೋಗ, ಮಾತು ನಾಲ್ಕೈದೇ. ಭಾನುವಾರ ಅವನನ್ನು ನೋಡಲು ಹೋದಾಗ ನಾನೂ ಹಿಂದೆ ಕೂತು ಕೇಳುತ್ತಿದ್ದೆ.

ಮೊದಲ ಪಾಠಕ್ಕೆ ಅವರು ಪೆಪ್ಪರಮೆಂಟು ತಂದು, ಆಯಾಗಳನ್ನು ಅಂಗಾತ ಮಲಗಿಸಿ ನೀರು ಕುಡಿಸಿ ನುಂಗಿಸಿದರಂತೆ. ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ, "ಈಗ ಗೊತ್ತಾಯಿತಲ್ಲ? ಇನ್ನು ಮೇಲೆ ಎಬ್ಬಿಸಿ ಕೂಡಿಸದೆ ಯಾರ ಬಾಯಿಗೂ ಗುಳಿಗೆ ಹಾಕಬೇಡಿ" ಎಂದಿದ್ದರು. ಗುಳಿಗೆಯನ್ನು ಅನ್ನದಲ್ಲಿ ಬಚ್ಚಿಟ್ಟು ತಿನ್ನಿಸುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮಾತು ಬರದವನಿಗೂ ಇದು ಗುಳಿಗೆ ಅಂತ ಹೇಳಿಯೇ ಕೊಡು. ಅವನ ಬಾಯಿ ಅವನದು" ಎನ್ನುತ್ತಿದ್ದರು. ಪಾಠ ಮುಗಿಸುವಾಗ ಪ್ರತಿ ಸಲ ಒಂದೇ ಮಾತು: "ಪೆಹಲೇ ಬೋಲೋ, ಬಾದ್ ಮೇ ರೋವೋ." ತಪ್ಪಾದರೆ ಮೊದಲು ಹೇಳು, ಅಳುವುದು ಆಮೇಲೆ.

ಕನ್ಹಾನಿನಿಂದ ಬರುತ್ತಿದ್ದ ಸುಮನ್ ಎಂಬ ಆಯಾ ಆ ಮಾತನ್ನು ನಂಬಿದಳು. ಒಂದು ಭಾನುವಾರ ಬೆಳಿಗ್ಗೆ, ಪಕ್ಕದ ಮಂಚದ ಮುದುಕನ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನನ್ನ ತಮ್ಮನಿಗೆ ನುಂಗಿಸಿಬಿಟ್ಟಿದ್ದಳು. ಮುದುಕ "ನನ್ನ ಗುಳಿಗೆ ಎಲ್ಲಿ?" ಎಂದಾಗ ಅವಳಿಗೆ ಹೊಳೆಯಿತು. ಪಾಠ ನಡೆಯುತ್ತಿದ್ದ ಕೋಣೆಗೆ ಓಡಿಬಂದು ಎಲ್ಲರೆದುರು ಹೇಳಿದಳು. ಅಕ್ಕೋರು ಬಯ್ಯಲಿಲ್ಲ. ತಮ್ಮನಿಗೆ ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಿ, ನನ್ನನ್ನೂ ಸುಮನ್‌ಳನ್ನೂ ಕರೆದುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ತಮ್ಮ ತಣ್ಣಗೆ ಬೆವೆತು ನನ್ನ ಹೆಗಲಿಗೆ ಒರಗಿದ. "ಇವತ್ತು ಏನ್ ಕೊಟ್ಟಾರ ಅಂತ ನಮಗ ಗೊತ್ತದ ತಂಗಿ. ಅಂಜಬ್ಯಾಡ" ಎಂದರು ಅಕ್ಕೋರು. ಮರುದಿನ ಡ್ರಿಪ್ ತೆಗೆಯುವಾಗ ಡಾಕ್ಟರೂ ಅದನ್ನೇ ಹೇಳಿದರು: ಗೊತ್ತಾಗದೆ ಹೋಗಿದ್ದರೆ ಅವನ ಹಳೆಯ ಮೂರ್ಛೆಯೇ ಬಂದಿದೆ ಎಂದುಕೊಂಡು ಎಲ್ಲರೂ ಕಾಯುತ್ತ ಕೂತಿರುತ್ತಿದ್ದರು.

ವಸತಿಗೃಹದ ಅಧ್ಯಕ್ಷರು ಸುಮನ್‌ಳನ್ನು ಕೆಲಸದಿಂದ ತೆಗೆದರು. ನಾನು ಹೋಗಿ ಬೇಡವೆಂದು ಕೇಳಿಕೊಂಡೆ. ಜೊತೆಗೆ ಬಂದ ಅಕ್ಕೋರು ಕುರ್ಚಿಯ ಮೇಲೆ ಕೂರದೆ ನಿಂತೇ ಕೇಳಿದರು.

"ಹೇಳಿದವಳನ್ನೇ ತೆಗೆದರೆ ನಾಳೆ ಯಾರು ಹೇಳುತ್ತಾರೆ ಸಾಹೇಬ್?"

"ಶಿಸ್ತು ಅಂತ ಒಂದು ಬೇಕಲ್ಲ, ಬಾಯಿ."

ಅಷ್ಟಕ್ಕೇ ಮುಗಿಯಿತು.

ಮುಂದಿನ ವಾರ ಅಕ್ಕೋರು ಪಾಠದ ಕೊನೆಗೆ ತಮ್ಮ ಮಾತನ್ನು ಹೇಳಿದಾಗ ಒಬ್ಬರೂ ತಲೆ ಎತ್ತಲಿಲ್ಲ. ಹಿರಿಯ ಆಯಾ ಒಬ್ಬಳು ಮರಾಠಿಯಲ್ಲಿ, "ಸುಮನ್ ಹೇಳಿದಳಲ್ಲ ಬಾಯಿ" ಎಂದಳು. ಅಕ್ಕೋರು ಗಂಟಲು ಸವರಿಕೊಂಡರು. ಆಮೇಲೆ ತಾವೇ ಹೋಗಿ ಕೂಲರ್ ಹಾಕಿದರು.

ಆ ಮಳೆಗಾಲದಲ್ಲಿ ಪಕ್ಕದ ಮಂಚದ ಮುದುಕ ತೀರಿಕೊಂಡ. ಹಿಂದಿನ ದಿನ ಚೆನ್ನಾಗಿಯೇ ಇದ್ದ. ಕಾಯಿಲೆಯಿಂದ ಹೋದನೋ ತಪ್ಪು ಗುಳಿಗೆಯಿಂದಲೋ ಯಾರಿಗೂ ತಿಳಿಯಲಿಲ್ಲ. ಅಕ್ಕೋರು ಒಬ್ಬೊಬ್ಬ ಆಯಾಳನ್ನೂ ಪಕ್ಕಕ್ಕೆ ಕರೆದು ಕೇಳಿದರು. ಎಲ್ಲರ ಉತ್ತರ ಒಂದೇ, "ಮಾಲೂಮ್ ನಹೀ," ಗೊತ್ತಿಲ್ಲ. ಅಕ್ಕೋರು ಮತ್ತೆ ಅಲ್ಲಿಗೆ ಹೋಗಲಿಲ್ಲ. ನಾನು ತಮ್ಮನನ್ನು ಮನೆಗೆ ಕರೆತಂದೆ. ನಾನು ಆಫೀಸಿಗೆ ಹೋದಾಗ ಅವನನ್ನು ನೋಡಿಕೊಳ್ಳಲು ಸುಮನ್ ಬಂದಳು. "ಅವಳ ಕೈಯಾಗ ಕೊಡ್ತೀಯೇನ?" ಎಂದು ಕೇಳಿದ ಅಕ್ಕೋರು, ನಾನು ಹೂಂ ಎಂದಾಗ ತಮ್ಮನ ಗುಳಿಗೆಯ ಡಬ್ಬಿಯನ್ನು ತಾವೇ ಎತ್ತಿ ಸುಮನ್‌ಳ ಕೈಗೆ ಕೊಟ್ಟರು.

ಅಕ್ಕೋರ ಗಂಟಲಿನ ಗಡ್ಡೆ ಮತ್ತೆ ಬೆಳೆಯಿತು. ಕೊನೆಗೆ ಮೂಗಿನ ನಳಿಗೆಯಲ್ಲೇ ಗಂಜಿ, ಔಷಧಿ. ಸುಮನ್ ಮತ್ತು ನಾನು ಸರದಿಯ ಮೇಲೆ ಕಾಮಠಿಗೆ ಹೋಗುತ್ತಿದ್ದೆವು. ಒಂದು ಮಧ್ಯಾಹ್ನ ಅವರು ಸುಮನ್‌ಳ ಕೈ ಹಿಡಿದು, ತುಟಿಯಲ್ಲೇ ಕೇಳಿದರು: ಮುದುಕನ ವಿಷಯ ನಿನಗೇನಾದರೂ ಗೊತ್ತಾಯಿತೇ? ಹಳೆಯ ಆಯಾಗಳು ಈಗಲೂ ಅವಳ ಗೆಳತಿಯರು. ಸುಮನ್ ತಲೆಯಾಡಿಸಿದಳು, ಇಲ್ಲ. ಅಕ್ಕೋರು ಗೋಡೆಯ ಕಡೆ ಹೊರಳಿದರು. ಆ ವಾರವೇ ಹೋದರು. ಆ ವಸತಿಗೃಹದಲ್ಲಿ ಪಾಠ ಮತ್ತೆ ನಡೆಯಲಿಲ್ಲವೆಂದು ಕೇಳಿದ್ದೇನೆ.

ಮೊನ್ನೆ ತಮ್ಮನ ತಲೆ ಬಾಚುವಾಗ ಕಿವಿಯ ಮೇಲೆ ಮೊದಲ ನರೆಗೂದಲು ಕಂಡಿತು. ಸುಮನ್‌ಳನ್ನು ಕರೆದು ತೋರಿಸಿದೆ. ಕೀಳಲು ಹೋದ ನನ್ನ ಕೈಯನ್ನು ಅವಳು ಹಿಡಿದಳು. "ಇರಲಿ ಬಿಡಿ ತಾಯಿ," ಎಂದಳು, "ನಮ್ಮ ಬಾಯಿಯವರು ಉಳಿಸಿಕೊಟ್ಟ ಜೀವ."