ನಾಲ್ಕನೆಯ ಕೂಗು

ಹುರುಳಿ ಬೇಯುವಾಗ ಮಳೆ ಬಿದ್ದ ಮಣ್ಣಿನಂಥ ಒಂದು ವಾಸನೆ ಏಳುತ್ತದೆ. ಹೋದ ಭಾನುವಾರ ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟಿನಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಕ್ಕರಿನ ಮುಂದೆ ನಿಂತು ಕೂಗು ಎಣಿಸತೊಡಗಿದೆ. ಮೊದಲು ಇದೇ ಊರಿನ ಪಂಗಾನಿಯಲ್ಲಿದ್ದಾಗ ನಮ್ಮ ಕೆಳಗಿನ ಮನೆಯಲ್ಲಿದ್ದ ಶೋಶೋ ನೆನಪಾದರು…

ಇಲ್ಲಿನವರು ಅಜ್ಜಿಯನ್ನು ಶೋಶೋ ಅನ್ನುತ್ತಾರೆ. ನಾನಾಗ ನೈರೋಬಿಗೆ ಹೊಸಬಳು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದೂ ಹಗಲು ಗಾರ್ಮೆಂಟ್ಸಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ. ಇಲ್ಲೊಂದು ಶಾಲೆಯಲ್ಲಿ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿತ್ತು. ನನ್ನ ಅಡುಗೆಮನೆಯ ಕೆಳಗೇ ಶೋಶೋ ಅವರ ಹಾಲ್. ನಲವತ್ತು ವರ್ಷ ಹೋಟೆಲುಗಳಲ್ಲಿ ಸೋಲ್ ಸಂಗೀತ ಹಾಡಿದ್ದವರು, ಆದರೆ ಯಾವಾಗಲೂ ಬೇರೆಯವರ ಬೆನ್ನ ಹಿಂದೆ ನಿಂತು. ಒಮ್ಮೆಯಾದರೂ ತಮ್ಮೊಬ್ಬರದೇ ಹೆಸರಿನಲ್ಲಿ ರಿದಮ್ ಅಂಡ್ ಬ್ಲೂಸ್ ಆಲ್ಬಮ್ ತರಬೇಕೆಂದು ಹಟ ಹಿಡಿದಿದ್ದರು.

ಸ್ಟುಡಿಯೋದಲ್ಲಿ ಅವರಿಗೆ ಗಂಟಲು ಕಟ್ಟುತ್ತಿತ್ತಂತೆ. ಅದಕ್ಕೇ ಗೋಡೆಗೆಲ್ಲ ಕಂಬಳಿ ಕಟ್ಟಿ ಮನೆಯಲ್ಲೇ ರೆಕಾರ್ಡಿಂಗ್. ಕಂಬಳಿ ಬೀದಿಯಲ್ಲಿ ಜನರನ್ನು ತುಂಬಿಕೊಂಡು ಓಡುವ ಮಟಾಟು ವ್ಯಾನುಗಳ ಸದ್ದನ್ನು ತಡೆಯಿತು, ನನ್ನ ಕುಕ್ಕರನ್ನು ತಡೆಯಲಿಲ್ಲ. ಮೊದಲ ದಿನವೇ ಮೆಟ್ಟಿಲೇರಿ ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. ಇದು ಎಷ್ಟು ಸಲ ಕೂಗುತ್ತದೆ ಎಂದು ಕೇಳಿದರು, ಅಷ್ಟೆ. ಬೇಳೆಗೆ ಮೂರು ಅಂದೆ. ಅಂದಿನಿಂದ ಕೆಳಗೆ ಕೂತು, ನನ್ನಿಂದ ಕಲಿತ ಕನ್ನಡದಲ್ಲೇ ಒಂದು, ಎರಡು, ಮೂರು ಎಣಿಸಿ, ಆಮೇಲೆ ಹಾಡು ಎತ್ತಿಕೊಳ್ಳುವುದು ರೂಢಿಯಾಯಿತು. ಬೇಳೆ ಬೇಯಲಿ ಎಂದು ಕಾಯುವ ಬ್ಯಾಂಡ್ ಜಗತ್ತಿನಲ್ಲಿ ನಮ್ಮದೊಂದೇ ಎಂದು ಕೀಬೋರ್ಡ್ ನುಡಿಸುವವರು ನಗುತ್ತಿದ್ದರು.

ಒಂದೇ ಒಂದು ಹಾಡು ಉಳಿದಿತ್ತು. ಸೋಮವಾರ ಶೋಶೋಗೆ ಗಂಟಲಿನ ಆಪರೇಶನ್. ಆಮೇಲೆ ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು. ದನಿ ಸರಿಯಾಗಿ ಏಳುತ್ತಿದ್ದುದೂ ಬೆಳಗಿನ ಅರ್ಧ ಗಂಟೆ ಮಾತ್ರ. ಆ ಭಾನುವಾರ ಬೆಳಿಗ್ಗೆ ನಾನು ಊರಿಂದ ತಂದಿದ್ದ ಹುರುಳಿ ಬೇಯಲು ಇಟ್ಟೆ. ಕಟ್ಟು ಬಸಿದು, ಮೆಣಸು ಹಾಕಿ ಕುಡಿಸಿದರೆ ಅವರ ಗಂಟಲಿಗೆ ಹಿತ ಅಂತ. ಆದರೆ ಹುರುಳಿಗೆ ಐದು ಕೂಗು ಬೇಕು. ಗಣಿತದ ಟೀಚರಿಗೆ ಈ ಲೆಕ್ಕ ಹೊಳೆಯಲೇ ಇಲ್ಲ.

ಮೂರು ಕೂಗಾಯಿತು, ಕೆಳಗೆ ಹಾಡು ಶುರುವಾಯಿತು. ಅಬ್ಬಾ, ಆ ದನಿ… ನನ್ನ ಮೈ ಜುಂ ಎಂದಿತು. ಹಾಡು ಏರಿ ಏರಿ ತುದಿಯ ಸ್ವರದಲ್ಲಿ ನಿಂತು, ವಾದ್ಯಗಳೆಲ್ಲ ಸುಮ್ಮನಾದ ಆ ಗಳಿಗೆಯಲ್ಲೇ ನನ್ನ ಕುಕ್ಕರ್ ನಾಲ್ಕನೆಯ ಸಲ ಕೂಗಿತು. ಓಡಿ ಒಲೆ ಆರಿಸಿದೆ. ಶೋಶೋ ನಿಲ್ಲಿಸಲಿಲ್ಲ. ಕೂಗು ಎಲ್ಲಿ ಇಳಿಯಿತೋ ಅಲ್ಲಿಂದಲೇ ಎತ್ತಿಕೊಂಡು ಕೊನೆಯವರೆಗೂ ಹಾಡಿದರು.

ಅಳುತ್ತ ಕೆಳಗಿಳಿದೆ. ಇನ್ನೊಮ್ಮೆ ಹಾಡಲು ನೋಡಿದರು. ದನಿ ಆಗಲೇ ಒಡೆದಿತ್ತು. ಎಲ್ಲರೂ ನೆಲ ನೋಡುತ್ತಿದ್ದರು, ಶೋಶೋ ಮಾತ್ರ ನನ್ನನ್ನು ನೋಡಿ ನಗತೊಡಗಿದರು.

"ನಲವತ್ತು ವರ್ಷ ನಾನು ಇನ್ನೊಬ್ಬರ ಹಿಂದೆ ಹಾಡಿದೆ. ಇವತ್ತು ನಿನ್ನ ಕುಕ್ಕರ್ ನನ್ನ ಹಿಂದೆ ಹಾಡಿತು. ಇರಲಿ ಬಿಡು, ಮಗಳೇ." ಆಮೇಲೆ ನನ್ನ ಕಣ್ಣೊರೆಸಿ ಕೇಳಿದರು, "ನಿನ್ನ ಭಾಷೆಯಲ್ಲಿ ಮೂರಾದ ಮೇಲೆ ಏನು?"

"ನಾಲ್ಕು," ಅಂದೆ.

ಆಲ್ಬಮ್ ಬಂತು, ಆ ಕೂಗಿನ ಸಮೇತ. ಓದಲು ಬಾರದ ನನ್ನವ್ವ ನನ್ನ ಸರ್ಟಿಫಿಕೇಟಿನ ಮೇಲೆ ಬೆರಳಾಡಿಸಿದ ಹಾಗೇ ಶೋಶೋ ಅದರ ಕವರಿನ ಮೇಲಿದ್ದ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಊರ ನಡುವಿನ ಸಿಬಿಡಿಗೆ ಹೋಗುವ ಮಟಾಟುವಿನಲ್ಲಿ ಆ ಹಾಡು ಮೊದಲ ಸಲ ಕಿವಿಗೆ ಬಿದ್ದಾಗ, ಅದು ನನ್ನ ಕುಕ್ಕರ್ ಎಂದು ಪಕ್ಕದವರ ತೋಳು ಹಿಡಿದು ಹೇಳಿಯೇಬಿಟ್ಟೆ. ಅವರು ಎದ್ದು ಬೇರೆ ಸೀಟಿಗೆ ಹೋದರು.

ಆಪರೇಶನ್ನಿನ ನಂತರ ಶೋಶೋ ಪಿಸುಗುಟ್ಟಿದರೇ ಹೊರತು ಹಾಡಲಿಲ್ಲ. ನನ್ನ ಕುಕ್ಕರ್ ಕೂಗಿದಾಗೆಲ್ಲ ಕೆಳಗಿನಿಂದ ಕೋಲಿನಲ್ಲಿ ಚಾವಣಿ ಕುಟ್ಟಿ ಲೆಕ್ಕ ಒಪ್ಪಿಸುತ್ತಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು…

ಹೋದ ಭಾನುವಾರ ಮೊಬೈಲಿನಲ್ಲಿ ಆ ಹಾಡು ಹಾಕಿ, ದನಿ ಪೂರ್ತಿ ಏರಿಸಿದೆ. ಒಲೆಯ ಮೇಲೆ ಮೂರಾಯಿತು, ನಾಲ್ಕಾಯಿತು. ಈ ಸಲ ನಾನು ಆರಿಸಲಿಲ್ಲ. ಮುಂದಿನದೂ ಕೂಗಿತು.

"ಐದು, ಶೋಶೋ," ಅಂದೆ.

ಕೆಳಗಿನಿಂದ ಯಾರೂ ಕುಟ್ಟಲಿಲ್ಲ.