ಹಿಂದಿನ ಆನೆ

ಅಡಿಲೇಡಿನ ಕಿಲ್ಬರ್ನ್ ಹತ್ತಿರ ಒಂದು ವಿಯೆಟ್ನಾಮೀ ಬೇಕರಿ. ಗೆಳೆಯ ಕಿರಣ ಕಾರಿನಲ್ಲೇ ಉಳಿದ. ತಿಂಡಿ ತರುವ ಕೆಲಸ ನನ್ನದು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಅಣಕಿಸಿ ಅವನನ್ನು ನಗಿಸುವ ಕೆಲಸವೂ ನನ್ನದೇ. ಹಿಂದೊಮ್ಮೆ ಪರ್ತ್‌ನಲ್ಲಿ ಸಿಕ್ಕ ಟ್ಯಾಕ್ಸಿಯವನನ್ನೂ ಬಿಟ್ಟಿಲ್ಲ, ‘ಮೇಟ್’ ಅನ್ನು ಆಸ್ಟ್ರೇಲಿಯದವರಂತೆ ಎಳೆದು ಅಮ್ಮನಿಗೂ ಫೋನಿನಲ್ಲಿ ‘ಮೈಟ್’ ಎನ್ನುವ ನನ್ನನ್ನೂ ಬಿಟ್ಟಿಲ್ಲ.

ಅಂಗಡಿಯ ಗೋಡೆಯ ಮೇಲೆ ದೊಡ್ಡ ಚಿತ್ರ: ಒಂದರ ಹಿಂದೊಂದು ಎರಡು ಆನೆ, ಮೇಲೆ ಕತ್ತಿ ಹಿಡಿದ ಇಬ್ಬರು ಹೆಂಗಸರು. ಆನೆ ಕಂಡ ಮೇಲೆ ಮೈಸೂರಿನವನ ಬಾಯಿ ಸುಮ್ಮನಿರುತ್ತದೆಯೇ?

“ಏನಾಂಟಿ, ನಮ್ಮೂರ ದಸರಾನ ಇಲ್ಲಿಗೆ ತಂದ್ಬಿಟ್ರಾ?” ಎಂದು ಅಂಗಡಿಯಾಕೆಯನ್ನು ಇಂಗ್ಲಿಷಿನಲ್ಲಿ ಕೆಣಕಿದೆ.

“ಟ್ರುಂಗ್ ಅಕ್ಕತಂಗಿ. ನಮ್ಮ ರಾಣಿಯರು,” ಎಂದರು ಆಂಟಿ, ಬ್ರೆಡ್ ಸೀಳುತ್ತಲೇ. “ಚೀನಾದ ಸೈನ್ಯವನ್ನ ಓಡಿಸಿದ್ರು. ಆಮೇಲೆ ಸೋತ್ರು. ಇಬ್ರೂ ನದಿಗೆ ಹಾರಿದ್ರು.”

“ಇದ್ರಲ್ಲಿ ನೀವ್ಯಾರು? ಮುಂದಿನ ಆನೆನಾ, ಹಿಂದಿನ ಆನೆನಾ?”

ಚಾಕು ನಿಂತಿತು.

“ಹಿಂದಿನದು. ಮುಂದಿನದು ನಮ್ಮಕ್ಕ. ದೇಶ ಬಿಟ್ಟು ದೋಣಿಯಲ್ಲಿ ಬರ್ತಿದ್ವಿ. ಅವಳು ಸಮುದ್ರದಲ್ಲೇ ಉಳಿದ್ಲು.” ಮತ್ತೆ ಚಾಕು ಎತ್ತಿಕೊಂಡು, “ಖಾರ ಹಾಕ್ಲಾ?” ಎಂದರು. ‘ಖಾರ’ ಎನ್ನುವಾಗ ದನಿ ನಡುವೆಯೇ ಒಡೆಯಿತು.

ತಲೆಯಾಡಿಸಿದೆ. ದುಡ್ಡು ಕೊಟ್ಟು, ಪೊಟ್ಟಣ ಹಿಡಿದು ಹೊರಬಂದೆ.

ಕಾರಿನಲ್ಲಿ ಕಿರಣ ಪೊಟ್ಟಣ ಬಿಚ್ಚುತ್ತಾ, “ಆಂಟಿ ಹೆಂಗ್ ಮಾತಾಡಿದ್ರೋ? ಮಾಡೋ, ಮಾಡೋ,” ಎಂದ.

ಬೇಡ ಎನ್ನಬಹುದಿತ್ತು. “ಖಾರ ಹಾಕ್ಲಾ?” ಎಂದೆ, ಆ ಒಡೆದ ದನಿಯ ಸಮೇತ. ಎಂದಿಗಿಂತ ಚೆನ್ನಾಗಿ ಬಂತು. ಕಿರಣ ಸ್ಟೀರಿಂಗ್ ಬಡಿದು ಬಡಿದು ನಕ್ಕ.

“ಇನ್ನೊಂದ್ಸಲ ಮಾಡೋ!”

ಇನ್ನೊಂದು ಸಲವೂ ಮಾಡಿದೆ.