ಕೇಳದೆ ಮುರಿದ ರೊಟ್ಟಿ

ಕೆಲಸದ ಮೊದಲ ಮಧ್ಯಾಹ್ನ, ಪರಿಚಯವೇ ಇಲ್ಲದ ಹೆಂಗಸೊಬ್ಬಳು ನನ್ನ ಊಟದ ಡಬ್ಬಿಗೆ ಕೈ ಚಾಚಿದಳು. ನಾನು ಥಟ್ಟನೆ ಮುಚ್ಚಳ ಹಾಕಿದೆ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಅವರವರ ತಟ್ಟೆ ಅವರವರಿಗೆ. ತಿಕೋಟಾದ ಈ ಮಣೂಕದ ಶೆಡ್ಡಿನಲ್ಲಿ (ಒಣದ್ರಾಕ್ಷಿಗೆ ಇಲ್ಲಿ ಮಣೂಕ ಅನ್ನುತ್ತಾರೆ) ಹೆಂಗಸರೆಲ್ಲ ದುಂಡಗೆ ಕೂತು ಬುತ್ತಿ ಬಿಚ್ಚುತ್ತಾರೆ, ಯಾರ ರೊಟ್ಟಿಯನ್ನು ಯಾರು ಬೇಕಾದರೂ ಮುರಿದುಕೊಳ್ಳುತ್ತಾರೆ.

"ಇರ್ಲಿ ಬಿಡ್ರವಾ, ಹೊಸಾಕಿ ಅದಾಳ," ಎಂದು ಆ ಹೆಂಗಸು, ಶಾಂತವ್ವ, ಕೈ ಹಿಂದೆಗೆದಳು. ಆಮೇಲೆ ನನ್ನ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ನಾನು ಅಲ್ಲಿರಬೇಕಾದವಳೇ ಅಲ್ಲ. ವಿಜಯಪುರದಲ್ಲಿ ಆಹಾರ ವಿಜ್ಞಾನ ಓದುವ ನನಗೆ ಬೇಸಿಗೆಗೆ ಪ್ರಯೋಗಾಲಯವೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಸಂಬಳವಿರಲಿಲ್ಲ. ರೂಮಿನ ಬಾಡಿಗೆ ಕಟ್ಟಲೇಬೇಕಿತ್ತು, ಅದನ್ನು ಬಿಟ್ಟು ಹತ್ತಿರದ ತಿಕೋಟಾದ ಈ ಶೆಡ್ಡಿಗೆ ಕೂಲಿಗೆ ಸೇರಿದೆ. ನಾನು ಬಿಟ್ಟ ಜಾಗ ಗೆಳತಿ ಸವಿತಾಗೆ ಹೋಯಿತು. ಗೋಳಗುಮ್ಮಟದ ಹತ್ತಿರವೇ ಅವಳ ಸ್ವಂತ ಮನೆ, ಬಾಡಿಗೆಯ ಚಿಂತೆಯಿಲ್ಲ. ಬಿಳಿ ಕೋಟು ತೊಟ್ಟು ಫೋಟೊ ಕಳಿಸಿದಳು. 'ತುಂಬಾ ಚೆನ್ನಾಗಿದೆ' ಎಂದು ಬರೆದು ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಒಂದು ಭಾನುವಾರ ಅವಳು ಶೆಡ್ಡು ನೋಡಲು ಬಂದಳು. "ಯವ್ವಾ, ನಿಮ್ಮ ಮಣೂಕ ಭಾಳ ಛಲೋ ಅದಾವ್ರಿ," ಎಂದದ್ದೇ ತಡ, ಎಲ್ಲರೂ ಸರಿದು ಜಾಗ ಕೊಟ್ಟರು. ನಾನು ವಾರಗಟ್ಟಲೆ ಕಾದಿದ್ದ ನಗು ಅವಳಿಗೆ ಬಾಗಿಲಲ್ಲೇ ಸಿಕ್ಕಿತು. ಕೋಟು ಸಾಲದೆಂದು ಇದೂ ಬೇಕಿತ್ತೇ ಅವಳಿಗೆ? ಆ ಸಿಟ್ಟಿನಲ್ಲೇ ನನ್ನ ಡಬ್ಬಿಯನ್ನು ನಡುವೆ ತಳ್ಳಿ, ಶಾಂತವ್ವನ ಬುತ್ತಿಯಿಂದ ಕೇಳದೆ ರೊಟ್ಟಿ ಮುರಿದೆ.

ಶಾಂತವ್ವ ನನ್ನನ್ನೊಮ್ಮೆ ನೋಡಿದಳು. ನನ್ನ ಚಿತ್ರಾನ್ನಕ್ಕೆ ಕೈ ಹಾಕಿ ಬಾಯಿಗಿಟ್ಟು, "ಇದಕ್ಕ ಖಾರನ ಇಲ್ಲಲ್ಲಬೇ! ಹೆಂಗ ಉಣ್ತೀ ಇದನ್ನ?" ಎಂದು ಗದರಿದಳು. ಸವಿತಾಗೆ ಮಾತ್ರ ಬೇರೆ ತಾಟು ಬಂತು. "ತಗೋರಿ, ನಾಚ್ಕೋಬ್ಯಾಡ್ರಿ."

ಬಸ್ಸಿಗೆ ಕಾಯುವಾಗ ಸವಿತಾ ಮುಖ ಊದಿಸಿಕೊಂಡಿದ್ದಳು. "ನಾನು ಇದ ಕಡ್ಯಾಕಿ. ನನ್ನ ಬೀಗರಂಗ ಕುಂಡ್ರಿಸಿದ್ರು, ನಿನಗ ಬೈದ್ರು ನೋಡು." ನನಗೆ ತಡೆಯಲಾರದಷ್ಟು ಖುಷಿಯಾಯಿತು.

ಬೇಸಿಗೆ ಮುಗಿಸಿ ಊರಿಗೆ ಹೋದೆ. ಊಟಕ್ಕೆ ಕೂತಾಗ ಯೋಚಿಸದೆ ತಂಗಿಯ ತಟ್ಟೆಯಿಂದ ಮುದ್ದೆ ಮುರಿದೆ. "ಅಯ್ಯೋ, ಎಂಜಲು ಕಣೇ! ನಿಂದು ನೀನ್ ತಿನ್ನು," ಎಂದು ಅವಳು ತಟ್ಟೆ ಎಳೆದುಕೊಂಡಳು. ಅಮ್ಮ ನಕ್ಕಳು. ನಾನೂ ನಕ್ಕು ಕೈ ಹಿಂದೆಗೆದೆ. ತಿಕೋಟಾದಲ್ಲಿ ಈಗ ನನ್ನ ಜಾಗದಲ್ಲಿ ಕೂತು ಬೈಸಿಕೊಳ್ಳುತ್ತಿರುವವಳು ಯಾರೋ ಎಂದು ಹೊಟ್ಟೆ ಮತ್ತೆ ಉರಿಯಿತು.